ಅಕ್ಕ ಹಿಡಿದ ಏಕಾದಶಿ

ಅಕ್ಕ ಹೋದ ಹದಿಮೂರನೆಯ ದಿನ ಊಟಕ್ಕೆ ಬಂದವರೆಲ್ಲ ಅವಳ ಭಕ್ತಿಯ ವಿಷಯವನ್ನೇ ಮಾತಾಡುತ್ತಿದ್ದರು. "ಎಂಥ ನೇಮದ ಹೆಂಗಸು. ಸಣ್ಣವಳಿರುವಾಗಲೇ ಏಕಾದಶಿ ಹಿಡಿದವಳಂತೆ" ಎಂದು ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು. ನಾನು ಪಾಯಸದ ಸೌಟು ಹಿಡಿದುಕೊಂಡಿದ್ದೆ. ನಗು ತಡೆಯಲಾಗದೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಅಳುತ್ತಿದ್ದೇನೆಂದು ತಿಳಿದು ಅಕ್ಕನ ಮಗಳು ಬಂದು ಬೆನ್ನು ಸವರಿದಳು. ಅವಳಿಗೆ ಕನ್ನಡ ಕೇಳಿದರೂ ಓದಿದರೂ ಅರ್ಥವಾಗುತ್ತದೆ, ಮಾತಾಡಲು ಹೊರಟರೆ ಅರ್ಧಕ್ಕೆ ಹಿಂದಿಗೆ ಜಾರುತ್ತಾಳೆ. ಅವಳ ಅಮ್ಮ ಏಕಾದಶಿ ಹಿಡಿದ ಕಥೆಯನ್ನು ಅವಳಿಗೆ ಹೇಳಬೇಕೆಂದುಕೊಂಡೆ. ಹೇಳಲು ಹೊರಟರೆ ನಗು ಮೊದಲು ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆಗ ನಾವು ಘಾಟ್ಕೋಪರಿನ ಒಂದು ಚಾಳಿನಲ್ಲಿದ್ದೆವು. ಉದ್ದನೆಯ ಗ್ಯಾಲರಿ, ಅದರ ಉದ್ದಕ್ಕೂ ಒಂದೊಂದೇ ಕೋಣೆಯ ಮನೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಅಪ್ಪ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಅಲ್ಲೇ ಮಲಗಿ, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಅಮ್ಮ, ಅಕ್ಕ, ನಾನು ಮತ್ತು ಅಪ್ಪನ ತಾಯಿ. ಅಜ್ಜಿ ಊರಿನಿಂದ ತನ್ನ ಕೆಂಪು ಸೀರೆ, ತಂಬಿಗೆ ಮತ್ತು ಪಂಚಾಂಗದೊಂದಿಗೆ ಬಂದವರು ಮುಂಬಯಿಯ ಯಾವ ಪದ್ಧತಿಗೂ ಸೊಪ್ಪು ಹಾಕಿರಲಿಲ್ಲ. ಏಕಾದಶಿ ಬಂತೆಂದರೆ ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ, ಅಷ್ಟೇ. ಆಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ.

ನಮ್ಮ ಎಡಕ್ಕೆ ಗುಜರಾತಿಯವರು. ಬಲಕ್ಕೆ ಒಂದು ಮರಾಠಿ ಬ್ರಾಹ್ಮಣರ ಸಂಸಾರ. ಆ ಮನೆಯಾಕೆಯನ್ನು ನಾವು ಕಾಕೂ ಎನ್ನುತ್ತಿದ್ದೆವು. ಕಾಕೂ ಕೂಡ ಏಕಾದಶಿ ಹಿಡಿಯುತ್ತಿದ್ದರು. ಆದರೆ ಆ ದಿನ ಅವರ ಒಲೆ ಬೇರೆ ದಿನಗಳಿಗಿಂತ ಬೇಗ ಹೊತ್ತುತ್ತಿತ್ತು. ತುಪ್ಪ, ಜೀರಿಗೆ, ಹಸಿಮೆಣಸು, ಹುರಿದ ಶೇಂಗಾಪುಡಿ ಹಾಕಿದ ಸಾಬುದಾಣೆ ಖಿಚಡಿ, ಗೆಣಸಿನ ತುರಿಯ ಪಲ್ಯ, ಬಟಾಟೆ, ಮೊಸರು. ಅಕ್ಕಿ ಗೋದಿ ಬೇಳೆ ಇಲ್ಲದ್ದರಿಂದ ಅವರ ಲೆಕ್ಕದಲ್ಲಿ ಅದು ಉಪವಾಸ.

ಇದು ಅಕ್ಕನ ಗಮನಕ್ಕೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಅವಳಿಗಾಗ ಹನ್ನೆರಡು ತುಂಬಿರಬೇಕು. ಒಂದು ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ನಂಗೆ ಇವತ್ತು ಊಟ ಬೇಡ. ನಾನು ಏಕಾದಶಿ ಹಿಡಿತೇನೆ."

ಅಜ್ಜಿಗೆ ಕಣ್ಣಲ್ಲಿ ನೀರು ಬಂತು. "ನೋಡಿದಿಯಾ, ಈ ಊರಲ್ಲಿ ಹುಟ್ಟಿದ್ರೂ ನಮ್ಮ ರಕ್ತ ಎಲ್ಲಿಗೆ ಹೋಗ್ತದೆ?" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅಕ್ಕನನ್ನೇ ನೋಡಿದರು. ಅಕ್ಕ ಶಾಂತಳಾಗಿ ಪಕ್ಕದ ಮನೆಗೆ ಹೋಗಿ, ತಾನೂ ಉಪವಾಸವೆಂದು ಕಾಕೂಗೆ ತಿಳಿಸಿ, ಅವರ ಪಂಕ್ತಿಯಲ್ಲಿ ಕುಳಿತು ಉಪವಾಸ ಮಾಡಿದಳು. ಮುಂದಿನ ಸಲ ನನಗೂ ಭಕ್ತಿ ಹುಟ್ಟಿತು. ನಾವಿಬ್ಬರೂ ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ತಿಂದು ಬಂದು ಅಜ್ಜಿಯ ಪಕ್ಕದಲ್ಲಿ ಸೋತವರಂತೆ ಮಲಗುತ್ತಿದ್ದೆವು. ಅಜ್ಜಿ ತಮ್ಮ ತುಟಿ ಒಣಗಿದ್ದರೂ ನಮಗೆ ಗಾಳಿ ಬೀಸುತ್ತಿದ್ದರು. "ಪಾಪ, ಹೇಗೆ ಬಾಡಿವೆ ನೋಡು" ಎನ್ನುತ್ತಿದ್ದರು.

ಕೆಲವು ಏಕಾದಶಿ ಹೀಗೆ ಸುಖವಾಗಿ ಕಳೆದವು. ಒಂದು ದಿನ ಕಾಕೂ ತಾವೇ ತಟ್ಟೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅಕ್ಕ ಅಂದು ಎರಡನೆಯ ಸಲ ಬಡಿಸಿಕೊಳ್ಳದೆ ಎದ್ದು ಬಂದಿದ್ದಳು, ಮಗುವಿಗೆ ಮೈ ಸರಿಯಿಲ್ಲವೇನೋ ಎಂದು ಅವರಿಗೆ ಚಿಂತೆ. ತಟ್ಟೆಯಲ್ಲಿ ಖಿಚಡಿ, ಅದರ ಮೇಲೆ ಬಟಾಟೆ, ಪಕ್ಕದಲ್ಲಿ ಶೇಂಗಾ ಉಂಡೆ.

ಅಜ್ಜಿ ತಟ್ಟೆಯನ್ನು ನೋಡಿದರು. ಅಕ್ಕನನ್ನು ನೋಡಿದರು. ಮತ್ತೆ ತಟ್ಟೆಯನ್ನು ನೋಡಿದರು.

"ಇದು ಉಪವಾಸವಾ ಮಾರಾಯ್ತಿ? ಇದು ಮದುವೆ ಊಟ."

ಕಾಕೂಗೆ ಕನ್ನಡ ಬರುತ್ತಿರಲಿಲ್ಲ, ಅಜ್ಜಿಗೆ ಮರಾಠಿ ಬರುತ್ತಿರಲಿಲ್ಲ. "ಕಾಯ್ ಮ್ಹಣಾಲ್ಯಾ ಆಜೀ?" ಎಂದು ಕಾಕೂ ಅಕ್ಕನನ್ನು ಕೇಳಿದರು. ಅಜ್ಜಿ ಏನು ಹೇಳಿದರೆಂದು.

ಗ್ಯಾಲರಿಯಲ್ಲಿ ಆಡಿ ಬೆಳೆದ ನಮಗೆ ಮರಾಠಿ ಸಲೀಸು. ಅಕ್ಕ ಕಣ್ಣು ಮಿಟುಕಿಸದೆ ಹೇಳಿದಳು, "ನಿಮ್ಮ ಅಡುಗೆ ಮದುವೆ ಊಟದ ಹಾಗಿದೆಯಂತೆ."

ಕಾಕೂ ಮುಖ ಅರಳಿತು. ಮುಂದಿನ ಏಕಾದಶಿಗೆ ತಟ್ಟೆ ಇನ್ನೂ ದೊಡ್ಡದಾಗಿ ಬಂತು. ಅಷ್ಟರಲ್ಲಿ ನಮ್ಮ ಭಕ್ತಿಯ ಬಣ್ಣ ಬಯಲಾಗಿತ್ತು. ಅಜ್ಜಿ ನಮ್ಮನ್ನು ಬೈಯಲಿಲ್ಲ. ಬಂದವರಿಗೆಲ್ಲ "ಇವರಿಬ್ಬರು ನಮ್ಮ ಮನೆಯ ಬಟಾಟೆ ಸನ್ಯಾಸಿಗಳು" ಎಂದು ಪರಿಚಯ ಮಾಡಿಸತೊಡಗಿದರು.

ಆ ವರ್ಷ ದೀಪಾವಳಿಗೆ ಮೊದಲು ಬಿಸಿಲು ಕೆಟ್ಟದಾಗಿತ್ತು. ಒಂದು ಏಕಾದಶಿಯ ಮಧ್ಯಾಹ್ನ ಅಜ್ಜಿ ನಲ್ಲಿಯ ಹತ್ತಿರ ಕಾಲು ತೊಳೆಯಲು ಹೋದವರು ಅಲ್ಲೇ ಕುಸಿದರು. ಹೆಂಗಸರು ಎತ್ತಿ ತಂದು ಮಲಗಿಸಿದರು. ಮುಖಕ್ಕೆ ನೀರು ಚಿಮುಕಿಸಿದಾಗ ಎಚ್ಚರವಾಯಿತು, ಆದರೆ ಆ ನೀರು ಬಾಯಿಗೆ ಹೋಗದಂತೆ ತುಟಿ ಬಿಗಿ ಹಿಡಿದುಕೊಂಡೇ ಇದ್ದರು. ಸ್ಟೇಷನ್ನಿನ ಹತ್ತಿರ ಒಬ್ಬರು ಪಾರ್ಸಿ ಡಾಕ್ಟರಿದ್ದರು. ಅವರು ಬಂದು ನೋಡಿ, ಅಮ್ಮನನ್ನು ಗ್ಯಾಲರಿಗೆ ಕರೆದು ಹಿಂದಿಯಲ್ಲಿ ಹೇಳಿದರು. ಊಟ ಬಿಟ್ಟರೆ ಬಿಡಲಿ. ನೀರು ಬಿಟ್ಟರೆ ಮೂತ್ರಪಿಂಡ ಉಳಿಯುವುದಿಲ್ಲ. ಇನ್ನೊಮ್ಮೆ ಹೀಗಾದರೆ ನನ್ನನ್ನು ಕರೆದು ಪ್ರಯೋಜನವಿಲ್ಲ.

ಅಪ್ಪ ರಜೆಗೆ ಬಂದವರು ಅಜ್ಜಿಯ ಎದುರು ನೆಲದ ಮೇಲೆ ಕೂತರು. "ಅಮ್ಮಾ, ನೀರೊಂದು ಕುಡಿ. ದೇವರು ಅಷ್ಟಕ್ಕೆಲ್ಲ ಸಿಟ್ಟು ಮಾಡುದಿಲ್ಲ."

"ದೇವರಿಗೆ ಸಿಟ್ಟು ಬರ್ತದೋ ಇಲ್ವೋ ಅಂತ ನಿಂಗೆ ಹೋಟೆಲಲ್ಲಿ ಹೇಳಿದ್ರಾ?"

"ಡಾಕ್ಟ್ರು ಹೇಳಿದ್ದು."

"ಡಾಕ್ಟ್ರಿಗೆ ಏಕಾದಶಿ ಉಂಟಾ?"

ಅಪ್ಪ ಎದ್ದು ಹೋಗಿ ಗ್ಯಾಲರಿಯಲ್ಲಿ ನಿಂತರು. ಅವರ ಭುಜ ಅಲುಗಾಡುತ್ತಿತ್ತು. ಅಕ್ಕ ಅದನ್ನು ನೋಡಿದಳು, ನಾನೂ ನೋಡಿದೆ. ಅಂದಿನಿಂದ ಅಕ್ಕ ಮಾತು ಕಡಿಮೆ ಮಾಡಿದಳು. ಅವಳು ಮಾತು ಕಡಿಮೆ ಮಾಡಿದರೆ ಏನೋ ಹೂಡುತ್ತಿದ್ದಾಳೆಂದು ಅರ್ಥ.

ಮುಂದಿನ ಏಕಾದಶಿಯ ಬೆಳಿಗ್ಗೆ ಕಾಕೂ ಅಜ್ಜಿಯ ಆರೋಗ್ಯ ವಿಚಾರಿಸಲು ಬಂದು ಹೊಸ್ತಿಲ ಹೊರಗೆ ನಿಂತರು. ಈ ವಯಸ್ಸಿನಲ್ಲಿ ನೀರು ಬಿಡಬಾರದು, ನೀರಿಗೆ ಎಂಥ ಉಪವಾಸ ಎಂದು ಮರಾಠಿಯಲ್ಲಿ ಕೈ ಮುಗಿದು ಹೇಳಿದರು.

"ಎಂತ ಹೇಳ್ತಾರೆ ಅವರು?" ಅಜ್ಜಿ ಮಲಗಿದಲ್ಲಿಂದಲೇ ಕೇಳಿದರು.

ಅಕ್ಕ ಒಂದು ಕ್ಷಣ ತಲೆಯೆತ್ತಿ ಮಾಡಿನ ಕಡೆ ನೋಡಿದಳು. "ಅವರ ಊರಲ್ಲಿ ಒಂದು ಕ್ರಮ ಉಂಟಂತೆ ಅಜ್ಜಿ. ಏಕಾದಶಿ ದಿನ ಪಕ್ಕದ ಮನೆ ಹಿರಿಯರು ಬಂದು ಅವರ ಕೈಯಿಂದ ನೀರು ಕುಡಿಬೇಕಂತೆ. ಕುಡಿಯದಿದ್ರೆ ಅವರ ಉಪವಾಸದ ಪುಣ್ಯ ಪೂರಾ ನಷ್ಟ. ಇಷ್ಟು ದಿನ ಕೇಳ್ಲಿಕ್ಕೆ ನಾಚಿಕೆ ಆಯ್ತಂತೆ."

"ಅಷ್ಟು ಬಟಾಟೆ ತಿಂದ ಮೇಲೆ ನಷ್ಟ ಎಂತದ್ದು?"

"ಅವರಿಗೆ ಅದೇ ಅಲ್ವಾ ಉಪವಾಸ."

"ನಾನು ಕುಡಿದ್ರೆ ನನ್ನದು ಹೋಗ್ತದಲ್ಲ."

ಕಾಕೂ ಅಕ್ಕನ ಕಡೆ ನೋಡಿದರು. ಅಕ್ಕ ಮರಾಠಿಗೆ ತಿರುಗಿದಳು. ನಮ್ಮ ಕಡೆ ಏಕಾದಶಿ ದಿನ ಮನೆಯಲ್ಲಿ ನೀರು ಕುಡಿಯುವ ಹಾಗಿಲ್ಲ, ಆದರೆ ಪಕ್ಕದ ಮನೆಯ ಪುಣ್ಯವಂತೆ ಕೊಟ್ಟರೆ ನಡೆಯುತ್ತದೆ, ನೀವು ಕೊಡುತ್ತೀರಾ ಎಂದು ಅಜ್ಜಿ ಕೇಳುತ್ತಿದ್ದಾರೆ ಎಂದಳು. ಕಾಕೂ ಎದೆಯ ಮೇಲೆ ಕೈ ಇಟ್ಟುಕೊಂಡು ಓಡಿದರು. ಬೆಳಗಿದ ತಾಮ್ರದ ಚೊಂಬು ತುಂಬ ನೀರು ತಂದು, ಸೆರಗು ಹೊದ್ದು, ಬಾಗಿಲಲ್ಲಿ ನಿಂತರು. ಅಜ್ಜಿಯಂಥ ಹಿರಿಯರು ತನ್ನನ್ನು ಆರಿಸಿದರೆಂದು ಅವರ ಕಣ್ಣು ತುಂಬಿತ್ತು. ಪುಣ್ಯ ನಷ್ಟವಾಗುವ ಭಯಕ್ಕೆ ಅಳುತ್ತಿದ್ದಾರೆಂದು ಅಜ್ಜಿ ತಿಳಿದರು. ಅಮ್ಮ ಒಲೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಅಜ್ಜಿ ಎದ್ದು ಕುಳಿತು ಚೊಂಬನ್ನು ನೋಡಿದರು.

"ಎಲ್ಲಿಯ ನೀರು?"

"ನಮ್ಮದೇ ನಲ್ಲಿದು ಅಜ್ಜಿ. ಬೇರೆ ನಲ್ಲಿ ಎಲ್ಲಿ ಉಂಟು?"

"ನನ್ನ ತಂಬಿಗೆ ಕೊಡು. ನನ್ನ ಪುಣ್ಯ ಹೋದ್ರೆ ನನ್ನದು ಹೋಯ್ತು. ಕಂಡವರ ಮನೆ ಹೆಂಗಸಿನ ಪುಣ್ಯ ಹಾಳು ಮಾಡಿದ ಪಾಪ ನಂಗೆ ಬೇಡ."

ಕಾಕೂ ಮೇಲಿನಿಂದ ಹೊಯ್ದರು, ಅಜ್ಜಿ ತಂಬಿಗೆ ಎತ್ತಿ ಕುಡಿದರು. ಗಟಗಟ ಸದ್ದು ನನಗೆ ಕೇಳಿಸಿತು.

ಹೀಗೆ ಎರಡು ಊರಿನಲ್ಲೂ ಇಲ್ಲದ ಒಂದು ಸಂಪ್ರದಾಯ ನಮ್ಮ ಗ್ಯಾಲರಿಯಲ್ಲಿ ಶುರುವಾಯಿತು. ಪ್ರತಿ ಏಕಾದಶಿಯ ಬೆಳಿಗ್ಗೆ ಅಜ್ಜಿ ತಂಬಿಗೆ ಹಿಡಿದು ಕಾಕೂ ಹೊಸ್ತಿಲಿಗೆ ಹೋಗುತ್ತಿದ್ದರು. ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೆಂಬ ವಿಷಯದಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಎಡಗಡೆಯ ಗುಜರಾತಿ ಮುದುಕಿಯೂ ಹೊಟ್ಟೆಕಿಚ್ಚಿನಿಂದ ಒಮ್ಮೆ ಲೋಟ ಹಿಡಿದು ನಿಂತಳು. "ಊರಿನವರ ಉಪವಾಸ ಎಲ್ಲ ಉಳಿಸ್ಲಿಕ್ಕೆ ನಾನೇನು ಗಂಗೆಯಾ?" ಎಂದು ಅಜ್ಜಿ ಮುಂದೆ ಹೋದರು. ಅಕ್ಕ ಅದನ್ನು ಗುಜರಾತಿಯಲ್ಲಿ ಏನೆಂದು ಹೇಳಿದಳೋ ಗೊತ್ತಿಲ್ಲ, ಮುದುಕಿ ನಗುತ್ತಾ ನಮಗೆ ಎರಡು ಗರಿಗರಿ ಖಾಖರಾ ರೊಟ್ಟಿ ಕೊಟ್ಟಳು. ಅಮ್ಮನಿಂದ ಎಲ್ಲ ಕೇಳಿದ ಅಪ್ಪ, "ಇವಳನ್ನು ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಿಸಬೇಕು, ಯಾವ ಗಿರಾಕಿಯೂ ಜಗಳ ಮಾಡಿಕೊಂಡು ಹೋಗ್ಲಿಕ್ಕಿಲ್ಲ" ಎಂದರು.

ಅಕ್ಕನಿದ್ದಿದ್ದರೆ ಇದನ್ನೆಲ್ಲ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು. ನಾನು ಹೇಳಿದ್ದರಲ್ಲಿ ಅರ್ಧ ತಪ್ಪೆನ್ನುತ್ತಿದ್ದಳು. ಯಾವ ಅರ್ಧ ಎಂದು ಕೇಳಲು ಈಗ ಯಾರೂ ಇಲ್ಲ.

ಬೇಸಿಗೆಯಲ್ಲಿ ಅಜ್ಜಿಗೆ ಜ್ವರ ಬಂತು. ಜ್ವರ ಬಿಟ್ಟರೂ ಗೋಡೆ ಹಿಡಿದು ನಡೆಯುತ್ತಿದ್ದರು. ನೀರಿನ ಮಾತನ್ನು ಡಾಕ್ಟರು ಇನ್ನೊಮ್ಮೆ, ಜೋರಾಗಿ ಹೇಳಿ ಹೋಗಿದ್ದರು. ಆಗಲೇ ಪಂಚಾಂಗ ಕೈಕೊಟ್ಟಿತು. ದಶಮಿಯ ಸೋಂಕು ತಗುಲಿದ ಏಕಾದಶಿ ನಮ್ಮವರಿಗೆ ಆಗುವುದಿಲ್ಲ, ಅಂಥ ಸಲ ನಾವು ಮರುದಿನ ಹಿಡಿಯಬೇಕು. ಕಾಕೂ ಮನೆಯವರಿಗೆ ಆ ಸೋಂಕು ಲೆಕ್ಕಕ್ಕಿಲ್ಲ. ಅಕ್ಕ ನೀರಿನ ಕಥೆ ಕಟ್ಟಿದ ಮೇಲೆ ಎರಡೂ ಮನೆಯ ದಿನ ಬೇರೆಯಾದದ್ದು ಅದೇ ಮೊದಲು. ಕಾಕೂ ಮನೆಯ ಏಕಾದಶಿಯ ದಿನ ಅಜ್ಜಿ ಎಂದಿನಂತೆ ಹೋಗಿ ನೀರು ಕುಡಿದು ಬಂದು ಪಂಚಾಂಗ ತೆರೆದರು.

"ಇವತ್ತು ನಂಗೆ ದಶಮಿ. ನಾಳೆ ನನ್ನ ಏಕಾದಶಿ, ಅವರಿಗೆ ದ್ವಾದಶಿ. ನಾಳೆ ಯಾರ ಪುಣ್ಯದ ಗೊಡವೆಯೂ ಇಲ್ಲ. ನಾಳೆಯಾದ್ರೂ ಸರಿಯಾಗಿ ಹಿಡಿತೇನೆ."

ಎಷ್ಟೋ ತಿಂಗಳ ಬಾಕಿ ತೀರಿಸುವ ಉತ್ಸಾಹ ಆ ಮುಖದಲ್ಲಿತ್ತು. ಅಮ್ಮ ಅಕ್ಕನನ್ನು ನೋಡಿದರು. ಅಕ್ಕನ ಮುಖ ಸಣ್ಣದಾಗಿತ್ತು.

ಮರುದಿನ ಬೆಳಿಗ್ಗೆ ಅಕ್ಕ ನನ್ನ ಕೈ ಹಿಡಿದು ಕಾಕೂ ಮನೆಗೆ ಎಳೆದುಕೊಂಡು ಹೋದಳು. ಕಾಕೂ ಕಾಂದೇ ಪೋಹೆ ಮಾಡುತ್ತಿದ್ದರು. ಬಾಣಲೆಯಲ್ಲಿ ಈರುಳ್ಳಿ ಕೆಂಪಾಗಿ, ಅವಲಕ್ಕಿ ಬಿದ್ದಿತ್ತು. ಅಕ್ಕ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಯಾವ ಊರಿನಲ್ಲೂ ಅಂಥ ಪದ್ಧತಿ ಇಲ್ಲ, ಎರಡೂ ಕಡೆ ತಾನೇ ಕಟ್ಟಿದ್ದು ಎಂದಳು.

ಕಾಕೂ ಸೌಟು ಕೆಳಗಿಟ್ಟು ಅಕ್ಕನ ಕಿವಿ ಹಿಡಿದರು. "ಮಾಝ್ಯಾ ನಾವಾನಂ?" ನನ್ನ ಹೆಸರಲ್ಲಿ?

"ಹೌದು ಕಾಕೂ."

"ಹಾಗಾದರೆ ಆಜಿ ಇಷ್ಟು ದಿನ ತನ್ನ ವ್ರತ ಮುರಿದುಕೊಂಡದ್ದು ನನ್ನ ಪುಣ್ಯಕ್ಕೆ?"

"ಹೌದು."

ಕಿವಿ ಹಿಡಿದ ಕೈ ಹಾಗೇ ಇತ್ತು, ಆದರೆ ತಿರುಚುವುದು ನಿಂತಿತ್ತು. ಕಾಕೂ ಬಾಣಲೆಗೆ ಮುಚ್ಚಳ ಹಾಕಿದರು, ಕೈ ತೊಳೆದರು, ಚೊಂಬು ತುಂಬಿದರು. ಗ್ಯಾಲರಿಗೆ ಬಂದು ತಾವೇ ಕೂಗಿದರು, "ಆಜೀ, ಪಾಣೀ."

ಅಜ್ಜಿ ಗೋಡೆ ಹಿಡಿದು ಬಂದರು. ಕೈಯಲ್ಲಿ ತಂಬಿಗೆ ಇರಲಿಲ್ಲ. "ಎಂತ? ಅವರಿಗೆ ಇವತ್ತು ಇಲ್ಲವಲ್ಲ."

"ಉಂಟಂತೆ ಅಜ್ಜಿ," ಎಂದಳು ಅಕ್ಕ. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಿಮ್ಮ ಪಂಚಾಂಗವೇ ಸರಿ ಅಂತ ಇವತ್ತೂ ಹಿಡಿದಿದ್ದಾರಂತೆ."

ಈರುಳ್ಳಿಯ ವಾಸನೆ ಗ್ಯಾಲರಿ ತುಂಬ ಹರಡಿತ್ತು. ಒಳಗಿನಿಂದ ಕಾಕೂ ಗಂಡ, ಪೋಹೆ ಎಲ್ಲಿ, ಆಫೀಸಿಗೆ ಹೊತ್ತಾಯಿತೆಂದು ಕೂಗಿದರು. ಕಾಕೂ ಕದಲಲಿಲ್ಲ. ಅವರ ಬಳೆಗೆ ಹಳದಿ ಅವಲಕ್ಕಿಯ ಅಗುಳೊಂದು ಅಂಟಿಕೊಂಡಿತ್ತು. ಅಜ್ಜಿ ಆ ಬಳೆಯನ್ನು ನೋಡಿದರು. ಮೂಗಿನ ಹೊಳ್ಳೆಗಳು ಅರಳಿದವು.

"ಕೇಳು ಅವರನ್ನು, ಉಪವಾಸ ಹೇಗೆ ನಡಿತಾ ಉಂಟು ಅಂತ."

ಅಕ್ಕ ಕೇಳಿದಳು. ಕಾಕೂ ಅಜ್ಜಿಯ ಮುಖವನ್ನೇ ನೋಡುತ್ತಾ, "ಫಾರ್ ಕಡಕ್" ಎಂದರು.

"ತುಂಬಾ ಕಠಿಣವಂತೆ ಅಜ್ಜಿ."

"ಹೌದು, ಕಠಿಣವೇ. ಇಲ್ಲಿವರೆಗೆ ಘಮ ಬರ್ತಾ ಉಂಟು." ಅಜ್ಜಿ ನನ್ನ ಕಡೆ ತಿರುಗಿದರು. "ಹೋಗು ಮಗಾ, ನನ್ನ ತಂಬಿಗೆ ತಾ."

ತಂದುಕೊಟ್ಟೆ. ಕಾಕೂ ಹೊಯ್ದರು. ಅಜ್ಜಿ ತಲೆ ಹಿಂದಕ್ಕೆ ಬಾಗಿಸಿ ಒಂದು ಹನಿ ಬಿಡದೆ ಕುಡಿದು, ತಂಬಿಗೆಯನ್ನು ಮತ್ತೆ ಮುಂದೆ ಹಿಡಿದರು.

"ಇನ್ನೂ ಸ್ವಲ್ಪ ಹಾಕ್ಲಿಕ್ಕೆ ಹೇಳು."

"ಕಾಯ್ ಮ್ಹಣಾಲ್ಯಾ?" ಎಂದರು ಕಾಕೂ.

ಅಕ್ಕ ಆ ಮಾತನ್ನು, ಇದ್ದುದನ್ನು ಇದ್ದ ಹಾಗೆಯೇ, ಮರಾಠಿಯಲ್ಲಿ ಹೇಳಿದಳು.