ಅಯಾಜನ ಬಿಳಿ ಎರಡು

ಗಜೇಂದ್ರಗಡದಲ್ಲಿ ಅಯಾಜ ಎಂದರೆ ಮೋಟಾರು ರಿಪೇರಿಯವನು. ಸುಟ್ಟುಹೋದ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಅವನ ಕಸುಬು, ಗಿಟಾರು ಅವನ ಹುಚ್ಚು. ಮದುವೆ, ತೊಟ್ಟಿಲ ಕಾರ್ಯಗಳಿಗೆ ಹೋಗುವ ನಮ್ಮ ಮೇಳದಲ್ಲಿ ಮೂರೇ ಜನ: ಹಾಡಲು ಸೀರೆ ನೇಯುವ ಕಲ್ಲೇಶ, ಗಿಟಾರಿಗೆ ಅಯಾಜ, ತಾಳದ ಪ್ಯಾಡು ಬಡಿಯಲು ನಾನು. ನನ್ನ ಬಡಿತಕ್ಕೆ ಶ್ರುತಿಯ ಹಂಗಿಲ್ಲದ್ದರಿಂದ ನಾನು ಯಾರ ಪಕ್ಷವೂ ಅಲ್ಲ.

ಶ್ರುತಿಯನ್ನು ನಾವು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಕಲ್ಲೇಶನದು ಬಿಳಿ ಎರಡು, ಅಂದರೆ ಎರಡನೆಯ ಬಿಳಿ ಮನೆ. ಪ್ರಾಯದಿಂದಲೂ ಅದೇ ಎಂದು ಕೇಳದವರಿಗೂ ಹೇಳುತ್ತಿದ್ದ.

“ಅದರಿಂದ ಇಳದ ದಿನಾ ಮೈಕ್ ಕೆಳಗಿಡ್ತೀನಿ, ನೋಡ್ರಿ.”

ತಂಬಾಕು ಬಿಡುತ್ತೇನೆಂದು ಒಮ್ಮೆ ಅಂದವನು ಮತ್ತೆ ಮುಟ್ಟಿರಲಿಲ್ಲ. ಹೀಗಾಗಿ ಈ ಮಾತಿಗೆ ಅಯಾಜ ಹೆದರುತ್ತಿದ್ದ.

ನರಗುಂದದ ಒಂದು ಮದುವೆಯಲ್ಲಿ ಮೇಲಿನ ಸ್ವರಕ್ಕೆ ಹೋದ ಕಲ್ಲೇಶನ ದನಿ ಒಡೆಯಿತು. ಅವನು ಮೈಕಿನವನನ್ನು ಬೈದ. ಅಯಾಜ ತಲೆ ತಗ್ಗಿಸಿದ. ಆ ದನಿ ಕೇಳಿಯೇ ಗಿಟಾರು ಹಿಡಿದವನು ಅವನು. ಕಲ್ಲೇಶ ನಿಲ್ಲಿಸಿದರೆ ಬೇರೆಯವರಿಗೆ ನುಡಿಸುವ ಮನಸ್ಸು ಅವನಿಗಿರಲಿಲ್ಲ.

ಬೆರಳು ಬೇರೆ ಕಡೆ ಇಟ್ಟು ಕೆಳಗಿನ ಶ್ರುತಿಗೆ ನುಡಿಸಬಹುದಿತ್ತು. ಆದರೆ ಹಾಡುತ್ತಲೇ ಅಯಾಜನ ಎಡಗೈ ನೋಡುವುದು ಕಲ್ಲೇಶನ ಚಟ. ಅದಕ್ಕೇ ಮುಂದಿನ ಮದುವೆಗೆ ಅಯಾಜ ಆರೂ ತಂತಿಗಳನ್ನು ಒಂದು ಮನೆ ಸಡಿಲಿಸಿ, ಬೆರಳನ್ನು ಹಳೆಯ ಜಾಗದಲ್ಲೇ ಇಟ್ಟ. ನೋಡಲು ಬಿಳಿ ಎರಡು, ಕೇಳಲು ಅದರ ಕೆಳಗಿನ ಕರಿ ಒಂದು. ಕಲ್ಲೇಶ ಸಲೀಸಾಗಿ ಹಾಡಿ ಮುಗಿಸಿದ.

“ಆವತ್ತ ಮೈಕ್ ಖರಾಬಿತ್ತು, ನಾ ಹೇಳಲಿಲ್ಲೇನು?” ಎಂದ. ನಾನು ಮುಖ ತಿರುಗಿಸಿ ನಕ್ಕೆ.

ಮರುವರ್ಷ ಇನ್ನೊಂದು ಮನೆ ಇಳಿಸಬೇಕಾಯಿತು. ಈಗ ತಂತಿ ಜೋತುಬಿದ್ದು, ಗಿಟಾರಿನ ಕತ್ತಿಗೆ ಬಡಿದು ಝರ್ ಎನ್ನತೊಡಗಿತು. ಶ್ರುತಿ ಇಳಿದಷ್ಟೂ ತಂತಿ ದಪ್ಪ ಬೇಕು, ಆಗಲೇ ಬಿಗಿ ಉಳಿಯುವುದು. ಅಯಾಜ ಹುಬ್ಬಳ್ಳಿಗೆ ಹೋಗಿ ಹನ್ನೊಂದರ ಸೆಟ್ಟಿನ ಬದಲು ಅದಕ್ಕಿಂತ ದಪ್ಪನೆಯ ಹನ್ನೆರಡರದು ತಂದ. ತಂತಿ ಕೂರುವ ಸೀಳುಗಳನ್ನು ಸಣ್ಣ ಅರದಿಂದ ಉಜ್ಜಿ ಅಗಲಿಸಿದ. ಒತ್ತಿ ಒತ್ತಿ ಬೆರಳ ತುದಿಗಳು ಒಡೆದವು.

“ಅವಗ ಹೇಳೇಬಿಡು,” ಎಂದೆ.

“ಹೇಳಿದ್ರ ಹಾಡೋದ ಬಿಡ್ತಾನ,” ಎಂದ. ಅವನ ಬೆರಳು ನೋಡಿ ನನಗೆ ಸಂಕಟವಾಯಿತು, ಕಲ್ಲೇಶನ ಮೇಲೆ ಸಿಟ್ಟೂ ಬಂತು.

ಈ ಬೇಸಿಗೆಯಲ್ಲಿ ಇಟಗಿಯಲ್ಲಿ ದನಿ ಮತ್ತೆ ಒಡೆಯಿತು. ಈ ಸಲ ಕಲ್ಲೇಶ ಯಾರನ್ನೂ ಬೈಯಲಿಲ್ಲ. ಮುಂದಿನ ಮದುವೆ ಹೊಳೆಆಲೂರಿನಲ್ಲಿ. ಹಾಡು ಶುರುವಾಗುವ ಮೊದಲು ಅವನು ನಮ್ಮಿಬ್ಬರನ್ನೂ ಹಂದರದ ಹಿಂದೆ ಕರೆದ. ಹಾಡೋದು ಬಿಟ್ಟೆ ಎನ್ನುತ್ತಾನೆ ಎಂದುಕೊಂಡು ಅಯಾಜ ಬಿಳಿಚಿಕೊಂಡ. ಕಲ್ಲೇಶ ಜೇಬಿನಿಂದ ಪಾಕೀಟೊಂದನ್ನು ತೆಗೆದು ಅವನ ಕೈಗಿಟ್ಟ. ಹದಿಮೂರರ ಸೆಟ್.

“ಇನ್ನೊಂದ ಮನಿ ಇಳಸು. ಹನ್ನೆರಡರದು ತಡಿಯೂದಿಲ್ಲ ಅಂತ ಅಂಗಡಿಯಾಂವ ಅಂದ.”

“ಕಲ್ಲೇಶಣ್ಣಾ, ನಿನಗ ಯಾವಾಗಿಂದ ಗೊತ್ತಿತ್ತು?”

“ಗಂಟಲಾ ನಂದಲ್ಲೇನೋ?”

ಅಯಾಜ ಕೂತು ತಂತಿ ಬದಲಿಸಿದ. ವೇದಿಕೆಯ ಮೇಲೆ ಕಲ್ಲೇಶ ಎಲ್ಲರಿಗೂ ಕೇಳುವಂತೆ ಮೈಕಿನಲ್ಲಿ, “ಅಯಾಜ, ಬಿಳಿ ಎರಡು ಕೊಡಪಾ,” ಎಂದ.

ಅಯಾಜ ಕಣ್ಣೊರೆಸಿಕೊಂಡು, ಬೆರಳನ್ನು ಹಳೆಯ ಜಾಗದಲ್ಲೇ ಇಟ್ಟು, ಕೊಟ್ಟ.