‘ಎತ್ತಿಡು’ ಅನ್ನುವ ಗಂಡನಿಗೊಂದು ಕ್ರಿಸ್‌ಮಸ್ ಉಡುಗೊರೆ

ಜಗಳವಾಡುವ ಗಂಡನನ್ನು ಮೆಚ್ಚಿಸುವುದು ಅಂಥ ಕಷ್ಟವೇನಲ್ಲ. ಅವನು ಬೇಡ ಅಂದದ್ದನ್ನು ಅಂಗಡಿಗೆ ವಾಪಸು ಕೊಟ್ಟು ಬೇರೆಯದನ್ನು ತಂದರಾಯಿತು. ಕಷ್ಟ ಏನಿದ್ದರೂ ನಮ್ಮ ಯಜಮಾನರಂಥವರದು. ಏನು ತಂದುಕೊಟ್ಟರೂ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ಒಳಮಗ್ಗುಲು ಹೊರಮಗ್ಗುಲು ತಿರುಗಿಸುತ್ತಾರೆ, ಹೊಲಿಗೆಯ ಮೇಲೆ ಉಗುರು ಆಡಿಸುತ್ತಾರೆ. ಆಮೇಲೆ ಹೇಳುವುದು ಎರಡೇ ಮಾತು: “ಚೆನ್ನಾಗಿದೆ. ಎತ್ತಿಡು.” ಚೆನ್ನಾಗಿದೆ ಅಂದ ಮೇಲೆ ಜಗಳಕ್ಕೆ ಜಾಗವಿಲ್ಲ. ಎತ್ತಿಡು ಅಂದ ಮೇಲೆ ಆ ವಸ್ತು ಬೀರುವಿನಿಂದ ಹೊರಗೆ ಬರುವುದಿಲ್ಲ.

ನಾವು ದೊಡ್ಡಬಳ್ಳಾಪುರದ ಮಗ್ಗದ ಮನೆಯವರು. ಮನೆಯ ಮುಂದಿನ ಅರ್ಧದಲ್ಲಿ ನಾವು, ಹಿಂದಿನ ಅರ್ಧದಲ್ಲಿ ನಾಲ್ಕು ಪವರ್‌ಲೂಮು. ಕ್ರಿಸ್‌ಮಸ್ ನಮ್ಮ ಹಬ್ಬವಲ್ಲ. ಅದು ನಮ್ಮ ಮನೆಗೆ ಬಂದದ್ದು ನನ್ನ ಕೆಲಸದ ಜೊತೆಯಲ್ಲಿ. ಮದುವೆಯಾಗಿ ಬಂದಾಗ ನಾನು ಎಸ್ಸೆಸ್ಸೆಲ್ಸಿ. ಆಮೇಲೆ ಮಗ್ಗದ ಪಕ್ಕದಲ್ಲಿ ಕೂತು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಾ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಓದಿ ಬಿ.ಎ. ಮಾಡಿಕೊಂಡೆ. ತವರಿನಲ್ಲೂ ಅತ್ತೆ ಮನೆಯಲ್ಲೂ ನಾನೇ ಮೊದಲ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಊರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿತು.

ಆ ಶಾಲೆಯಲ್ಲಿ ಕ್ರಿಸ್‌ಮಸ್ ರಜೆ ಕೊಡುವ ಹಿಂದಿನ ದಿನ ಸಾಯಂಕಾಲ ಒಂದು ಕಾರ್ಯಕ್ರಮ ಇರುತ್ತದೆ. ಮಕ್ಕಳು ತಲೆಗೆ ಟವೆಲ್ಲು ಸುತ್ತಿಕೊಂಡು ಕುರಿ ಕಾಯುವವರಾಗುತ್ತಾರೆ, ಗೋದಲಿಯಲ್ಲಿ ಗೊಂಬೆ ಮಗು ಮಲಗುತ್ತದೆ, ಬಂದವರಿಗೆಲ್ಲ ಕಾಗದದ ತಟ್ಟೆಯಲ್ಲಿ ಕೇಕು ಮತ್ತು ಖಾರ. ಟೀಚರುಗಳ ಮನೆಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ನನ್ನ ಪಕ್ಕದ ಕುರ್ಚಿಯಲ್ಲಿ ಮಾತ್ರ ನನ್ನ ವ್ಯಾನಿಟಿ ಬ್ಯಾಗು ಕೂರುತ್ತಿತ್ತು. ಯಜಮಾನರು ಸ್ಕೂಟರಿನಲ್ಲಿ ಕರೆತಂದು, ಗೇಟಿಗೆ ಇಪ್ಪತ್ತು ಮಾರು ಇರುವಾಗಲೇ ಇಳಿಸಿ, ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಒಳಗೆ ಬನ್ನಿ ಅಂದರೆ ಒಂದೇ ಉತ್ತರ: “ಅಲ್ಲಿಗೆ ಹಾಕ್ಕೊಂಡು ಬರೋ ಅಂಥ ಬಟ್ಟೆ ನನ್ನ ಹತ್ರ ಎಲ್ಲಿದೆ?”

ಏಳನೇ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವರು ಅವರು. ಬಟ್ಟೆ ನೆಪವೋ ನಿಜವೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ನನ್ನ ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಕಂಡಿಕೆಯನ್ನೂ ತಾವೇ ಸುತ್ತಿ, “ನೀನು ಓದ್ಕೋ” ಅಂದ ಮನುಷ್ಯ ಆ ಕುರ್ಚಿಯಲ್ಲಿ ಒಂದು ಸಲವಾದರೂ ಕೂರಬೇಕು. ಅಲ್ಲಿ ಬ್ಯಾಗು ಕೂರುವುದಕ್ಕೆ, ನನ್ನನ್ನು ಓದಿಸಿದ್ದು ಬ್ಯಾಗೇ?

ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮಂಗಳೂರು ಕಡೆಯವರು. ಮೊದಲೆಲ್ಲ ಟೀಚರುಗಳೇ ಚೀಟಿ ಎತ್ತಿ ಒಬ್ಬರಿಗೊಬ್ಬರು ಕ್ರಿಸ್‌ಮಸ್ ಉಡುಗೊರೆ ಕೊಟ್ಟುಕೊಳ್ಳುತ್ತಿದ್ದೆವು. ಹೀಗೆ ಕೊಟ್ಟ ಒಂದು ಸೋಪಿನ ಡಬ್ಬಿ ಮೂರು ವರ್ಷ ಸ್ಟಾಫ್‌ರೂಮೆಲ್ಲ ಸುತ್ತಿ, ಕಾಗದ ಕೂಡ ಬದಲಾಗದೆ, ಮೊದಲು ಕೊಟ್ಟವರ ಕೈಗೇ ಬಂತು. ಸಿಸ್ಟರ್ ನಕ್ಕು ಸುಸ್ತಾಗಿ ಹೇಳಿದರು: “ಸಾಕು ಮಾರಾಯ್ರೆ. ಇನ್ನು ಮುಂದೆ ನಿಮ್ಮ ಮನೆಯಲ್ಲಿ ಯಾರನ್ನು ಮೆಚ್ಚಿಸಲಿಕ್ಕೆ ಬಹಳ ಕಷ್ಟವೋ ಅವರಿಗೆ ಕೊಡಿ. ಅದನ್ನು ಹಾಕಿಕೊಂಡು ಅವರು ಕಾರ್ಯಕ್ರಮಕ್ಕೆ ಬರಲಿ, ನಾನು ನೋಡ್ತೇನೆ.” ಉಳಿದವರು ಅತ್ತೆಯೋ ನಾದಿನಿಯೋ ಅಂತ ತೂಗಿ ನೋಡುತ್ತಿದ್ದಾಗ ನನ್ನ ಆಯ್ಕೆ ಮುಗಿದೇ ಹೋಗಿತ್ತು.

ಮೊದಲ ವರ್ಷ ಶರ್ಟು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಚಿಕ್ಕಪೇಟೆಯೆಲ್ಲ ಅಲೆದು, ಕೆನೆ ಬಣ್ಣದ್ದು ತಂದೆ. ಬೆಳಕಿಗೆ ಹಿಡಿದರು. ಅಂಚಿನಿಂದ ಒಂದು ಎಳೆ ಕಿತ್ತರು. ನಾನು ನೋಡುತ್ತಿರುವಂತೆಯೇ ಬೆಂಕಿಕಡ್ಡಿ ಗೀರಿ ಆ ಎಳೆಯನ್ನು ಸುಟ್ಟರು, ಬೂದಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ನೂಲಿನ ಜಾತಿ ತಿಳಿಯಲು ಮಗ್ಗದವರು ಮಾಡುವ ಪರೀಕ್ಷೆ ಅದು. ಹೆಂಡತಿ ಕೊಟ್ಟ ಉಡುಗೊರೆಗೆ ಬೆಂಕಿ ಇಟ್ಟ ಗಂಡ ನಮ್ಮ ಬೀದಿಯಲ್ಲಂತೂ ಬೇರೆ ಇರಲಾರ. “ಅಂಗಡಿಯವನು ಹೇಳಿದ ಮಾಲೇ ಕೊಟ್ಟಿದ್ದಾನೆ. ಚೆನ್ನಾಗಿದೆ. ಎತ್ತಿಡು.” ಆರು ತಿಂಗಳಾದ ಮೇಲೆ ಆ ಶರ್ಟನ್ನು ಮತ್ತೆ ಕಂಡೆ. ಬಸ್‌ಸ್ಟ್ಯಾಂಡಿನಲ್ಲಿ ಅದು ನನ್ನ ಕಡೆಗೇ ನಡೆದುಬಂದು “ಚೆನ್ನಾಗಿದ್ದೀರಾ ಅತ್ತಿಗೆ?” ಅಂತು. ಯಜಮಾನರು ಅದನ್ನು ಚಿಕ್ಕಪ್ಪನ ಮಗನ ಮದುವೆಗೆ ಮುಯ್ಯಿ ಮಾಡಿಬಿಟ್ಟಿದ್ದರು.

ಎರಡನೇ ವರ್ಷ ಕೈಗಡಿಯಾರ ತಂದೆ. ಗಡಿಯಾರಕ್ಕೆ ಎಳೆ ಇರುವುದಿಲ್ಲವಲ್ಲ, ಕಿತ್ತು ಸುಡಲಿಕ್ಕೆ. ನಮ್ಮ ಅತ್ತೆ ಅದನ್ನು ನೋಡಿ ಕೇಳಿದರು, “ಇದನ್ನ ಕಟ್ಕೊಂಡ್ರೆ ಕರೆಂಟ್ ಬೇಗ ಬರುತ್ತೇನಮ್ಮ?” ಅವರ ಮಾತಲ್ಲೂ ಹುರುಳಿತ್ತು. ಕರೆಂಟು ಬಂದರೆ ನಮ್ಮ ಬೀದಿಗೆ ಬೆಳಗಾಗುತ್ತದೆ, ಹೋದರೆ ಊಟದ ಹೊತ್ತಾಗುತ್ತದೆ, ಮುಳ್ಳು ಎಲ್ಲಿದ್ದರೇನು. ಗಡಿಯಾರವೂ ಬೀರು ಸೇರಿತು. ಆದರೆ ಯಜಮಾನರು ಅದನ್ನು ಕೈಬಿಡಲಿಲ್ಲ. ದಿನಾ ಬೆಳಿಗ್ಗೆ ತೆಗೆದು, ಕೀ ಕೊಟ್ಟು, ರೇಡಿಯೋ ಕೇಳಿ ಗಂಟೆ ಸರಿಮಾಡಿ, ಮತ್ತೆ ಡಬ್ಬಿಯಲ್ಲಿ ಮಲಗಿಸುತ್ತಿದ್ದರು. ಅದೇ ಬೀರುವಿನಲ್ಲಿದ್ದ ನನ್ನ ರೇಷ್ಮೆ ಸೀರೆಗಳಿಗೂ ಡಿಗ್ರಿ ಸರ್ಟಿಫಿಕೇಟಿಗೂ ಗೊತ್ತಾಗುತ್ತಿದ್ದಷ್ಟು ಸರಿಯಾದ ಸಮಯ ಬೇರೆ ಯಾವ ಮನೆಯಲ್ಲೂ ಗೊತ್ತಾಗುತ್ತಿರಲಿಲ್ಲ.

ಮೂರನೆಯದು ಸ್ವೆಟರು. “ಶಿವಗಂಗೆ ಬೆಟ್ಟ ಹತ್ತೋವಾಗ ಹಾಕ್ಕೊಂಡ್ರಾಯ್ತು, ಎತ್ತಿಡು” ಅಂದರು. ಬೆಟ್ಟ ಹತ್ತುವವರಿಗೆ ಬೇಕಾದದ್ದು ಬೀಸಣಿಗೆ, ಸ್ವೆಟರಲ್ಲ ಎಂದು ಹೇಳಲು ಬಿ.ಎ. ಬೇಕಿಲ್ಲ. ಆದರೂ ಮಾತಿಗೆ ತಪ್ಪಲಿಲ್ಲ, ಶಿವಗಂಗೆಗೆ ಹೋದಾಗ ಅದನ್ನು ಬ್ಯಾಗಿನಲ್ಲಿಟ್ಟು ತುದಿಯ ತನಕ ಹೊತ್ತುಕೊಂಡು ಹೋಗಿ ಹೊತ್ತುಕೊಂಡೇ ಇಳಿದರು. ಮನೆಗೆ ಬಂದ ಮೇಲೆ ನುಸಿಗುಳಿಗೆಯ ಜೊತೆ ಮತ್ತೆ ಎತ್ತಿಟ್ಟಿದ್ದಾಯಿತು. ಆ ಡಿಸೆಂಬರಿನಲ್ಲೂ ಬ್ಯಾಗೇ ಕುರಿ ಕಾಯುವವರ ನಾಟಕ ನೋಡಿತು. ಸಿಸ್ಟರ್ ಬ್ಯಾಗನ್ನು ನೋಡಿದರು. ಕೇಕಿನ ತಟ್ಟೆ ಎರಡು ಕೊಟ್ಟರು, ಅಷ್ಟೆ.

ಉಡುಗೊರೆಯ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ ಅನ್ನುವುದೇ ಆಗ ನನ್ನ ಸಮಾಧಾನ. ಅರಸರು ಆನೆ ಕಪ್ಪ ಕೊಡುತ್ತಿದ್ದರು ಎಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ಪಡೆದವನಿಗೆ ಆ ಆನೆಯನ್ನು ಎಲ್ಲಿ ಕಟ್ಟುವುದು ಅನ್ನುವ ಚಿಂತೆ ಇರಲಿಲ್ಲವೇ, ಯಾವ ಶಾಸನವೂ ಅದನ್ನು ಹೇಳುವುದಿಲ್ಲ. ನಮ್ಮ ಶಾಲೆಯ ನಾಟಕವನ್ನೇ ನೋಡಿ. ಮೂವರು ಜ್ಞಾನಿಗಳು ಅಷ್ಟು ದೂರದಿಂದ ಒಂಟೆಯ ಮೇಲೆ ಬಂದು ಹಸುಗೂಸಿಗೆ ಕೊಡುವುದೇನು? ಚಿನ್ನ, ಧೂಪ, ರಕ್ತಬೋಳವೆಂಬ ಸುಗಂಧದ ಅಂಟು. ಕುಲಾವಿಯಿಲ್ಲ, ಗಿಲಕಿಯಿಲ್ಲ. ಆ ತಾಯಿ ಮುಖ ಮುರಿಯದೆ, “ಚೆನ್ನಾಗಿದೆ” ಅಂದು, ಗಂಡನ ಕಡೆ ತಿರುಗಿ “ಎತ್ತಿಡಿ” ಅಂದಿರಬೇಕು. ಇದನ್ನು ಸಿಸ್ಟರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ನಾಲ್ಕನೇ ವರ್ಷ ನಾನು ಕೈಚೆಲ್ಲಿದೆ. ಏನನ್ನೂ ತರಲಿಲ್ಲ. ಕಾರ್ಯಕ್ರಮದ ದಿನ ಮಧ್ಯಾಹ್ನ ಪಕ್ಕದ ಮನೆಯ ಗಿರಿಜ ಒಂದು ಶರ್ಟು ಹಿಡಿದುಕೊಂಡು ಬಂದಳು. ಅವಳು ಬಾಶೆಟ್ಟಿಹಳ್ಳಿಯಲ್ಲಿ ಒಂದು ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋಗುತ್ತಾಳೆ. ಹೊರದೇಶಕ್ಕೆ ಕಳಿಸುವ ಶರ್ಟುಗಳಲ್ಲಿ ತಪ್ಪು ಕಂಡದ್ದನ್ನು ತೆಗೆದಿಟ್ಟು ಕೆಲಸದವರಿಗೇ ಮಾರುತ್ತಾರೆ. “ನಮ್ಮೋರಿಗೆ ಇದು ದೊಗಲೆ ಆಗುತ್ತೆ ಅಕ್ಕ, ಭಾವನಿಗೆ ಸರಿಹೋಗುತ್ತೆ, ಇಟ್ಕೊಳ್ಳಿ” ಅಂದಳು. ನಾನು ಅದನ್ನು ಬಿಚ್ಚಿಯೂ ನೋಡದೆ, ಕಾಗದ ಸುತ್ತದೆ, ಮಗ್ಗದಿಂದ ಎದ್ದು ಊಟಕ್ಕೆ ಬಂದವರ ಮುಂದೆ ಹಾಕಿದೆ. “ಗಿರಿಜ ಕೊಟ್ಲು. ಫ್ಯಾಕ್ಟರೀಲಿ ಬೇಡ ಅಂತ ಬಿಟ್ಟಿದ್ದಂತೆ.”

ಕಿಟಕಿಯ ಹತ್ತಿರ ಹೋದರು. ತಿರುಗಿಸಿದರು, ಉಗುರಾಡಿಸಿದರು. ಕಾಲರು ಸರಿ, ತೋಳು ಸರಿ. ಜೇಬಿನ ಹತ್ತಿರ ಉಗುರು ನಿಂತಿತು. ಮುಖದಲ್ಲಿ ನಾನು ಮದುವೆಯ ದಿನವೂ ಕಾಣದ ಒಂದು ಬೆಳಕು.

“ಲೇ, ಇಲ್ನೋಡು. ಜೇಬು ಎರಡು ಎಳೆಯಷ್ಟು ಎಡಕ್ಕೆ ವಾಲಿದೆ.”

“ನಂಗೇನೂ ಕಾಣ್ಸಲ್ಲ.”

“ನಿಂಗೆ ಕಾಣಲ್ಲ ಬಿಡು. ಅದನ್ನ ನೋಡಿ ತೆಗೆದಿಟ್ನಲ್ಲ, ಅವನು ಕೆಲಸಗಾರ.” ಹೀಗೆಂದವರು ಬನಿಯನ್ನಿನ ಮೇಲೆಯೇ ಆ ಶರ್ಟು ತೊಟ್ಟು ಊಟಕ್ಕೆ ಕೂತರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

ಅವತ್ತು ಅನ್ನ ಬಡಿಸುತ್ತಾ ನಿಂತಿದ್ದಾಗ ನನ್ನ ತಲೆಗೆ ಹೊಳೆದದ್ದನ್ನು ಯಾವ ಬಿ.ಎ.ಯೂ ಹೇಳಿಕೊಟ್ಟಿರಲಿಲ್ಲ. ಮಗ್ಗದ ಮನೆಯಲ್ಲಿ ತಪ್ಪಿಲ್ಲದ ಸೀರೆ ಒಂದು ರಾತ್ರಿಯೂ ನಿಲ್ಲುವುದಿಲ್ಲ, ಮಡಿಕೆ ಹಾಕಿ ಸಾಹುಕಾರರ ಅಂಗಡಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಡ್ಯಾಮೇಜು. ಸೆರಗಿನಲ್ಲಿ ಎಳೆ ಜಾರಿದ್ದು, ಅಂಚಿನಲ್ಲಿ ಬುಟ್ಟಾ ತಪ್ಪಿದ್ದು, ಅವು ನಮ್ಮವು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೊಟ್ಟೆ ಉರಿದುಕೊಳ್ಳುವ ನನ್ನ ಸೀರೆಗಳೆಲ್ಲ ಅಂಥವೇ; ತಪ್ಪಿದ ಜಾಗವನ್ನು ನೆರಿಗೆಯೊಳಗೆ ಸೇರಿಸಿ ಉಡುವುದು ಬೆರಳಿಗೇ ಗೊತ್ತು. ಚಿಕ್ಕಂದಿನಿಂದ ಹೀಗೆ ಬೆಳೆದ ಮನುಷ್ಯನಿಗೆ ನಾನು ವರ್ಷವರ್ಷವೂ ಒಂದು ತಪ್ಪೂ ಇಲ್ಲದ ವಸ್ತು ತಂದುಕೊಡುತ್ತಿದ್ದೆ. ಅವರ ಕೈಗೆ ಅದು ಯಾರಿಗೋ ಹೋಗಬೇಕಾದ ಮಾಲು. ಅದನ್ನು ಕೊಳೆಯಾಗದ ಹಾಗೆ ಎತ್ತಿಟ್ಟು ಕಾಯುತ್ತಿದ್ದರೇ ಹೊರತು ಬೇಡವೆಂದಿರಲಿಲ್ಲ. ನಾನು ಗಂಡನನ್ನು ಮೆಚ್ಚಿಸುವುದು ಕಷ್ಟ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಮೂರು ವರ್ಷವೂ ಅವರು ಮೆಚ್ಚಿಯೇ ಇದ್ದರು.

ಸಾಯಂಕಾಲ ಸ್ಕೂಟರು ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿತು. ನಾನು ಇಳಿಯಲಿಲ್ಲ. “ಬಟ್ಟೆ ಇಲ್ಲ ಅಂತಿದ್ರಲ್ಲ, ಈಗ ಮೈಮೇಲಿರೋದೇನು?” ಅಂದೆ. ತಲೆ ಬಗ್ಗಿಸಿ ಜೇಬು ನೋಡಿಕೊಂಡರು. “ಪ್ರೋಗ್ರಾಂ ಎಷ್ಟೊತ್ತು?” “ಒಂದು ಗಂಟೆ.” “ಇಂಗ್ಲಿಷಲ್ಲಿ ಏನಾದ್ರೂ ಕೇಳ್ತಾರಾ?” “ಕೇಕ್ ಬೇಕಾ ಅಂತ ಕೇಳ್ತಾರೆ.” ಗಾಡಿ ಗೇಟು ದಾಟಿತು.

ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಕೂತೆ. ನಾಟಕ ಮುಗಿಯುವ ತನಕ ಯಜಮಾನರು ಎರಡೂ ಕೈ ಮೊಣಕಾಲ ಮೇಲಿಟ್ಟು ಅಲುಗಲಿಲ್ಲ. ಸಿಸ್ಟರ್ ಬಂದರು. “ನಮಸ್ಕಾರ. ಅಂಗಿ ಚಂದ ಉಂಟು. ಇದೇ ಉಡುಗೊರೆಯಾ?” ಯಜಮಾನರು ಜೇಬಿನ ಮೇಲೆ ಬೆರಳಿಟ್ಟು ತೋರಿಸಿದರು.

“ಜೇಬು ಸೊಟ್ಟ ಇದೆ ಸಿಸ್ಟರ್, ನೋಡಿ. ಇಲ್ದಿದ್ರೆ ಫಾರಿನ್ನಿಗೆ ಹೋಗ್ತಿತ್ತು.”

ಸಿಸ್ಟರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. “ನನಗೆ ಕಾಣುವುದಿಲ್ಲಪ್ಪ.”

“ಓದೋ ಕಣ್ಣು ಬೇರೆ ಸಿಸ್ಟರ್, ಇದು ನೇಯೋ ಕಣ್ಣು.” ಹೇಳಿದ ಮೇಲೆ ಸ್ವಲ್ಪ ಗಾಬರಿಯಾಗಿ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹಿಂದಿ ಟೀಚರು ಸೆರಗು ಮುಂದೆ ತಂದಿದ್ದರು: “ಇದು ಪ್ಯೂರ್ ಅಂತ ಕೊಟ್ರು, ನೋಡಿ ಹೇಳಿ.” ಯಜಮಾನರು ಬೆರಳಿಂದ ಮುಟ್ಟಿ, ತಿರುವಿ, “ಅರ್ಧ ಪ್ಯೂರ್ ಮೇಡಂ” ಅಂದರು. ಆ ಟೀಚರು ಆಮೇಲೆ ಕೇಕು ತಿನ್ನಲಿಲ್ಲ. ಆದರೂ ಸರದಿ ಬೆಳೆಯಿತು. ಒಂದು ಗಂಟೆಗೆಂದು ಒಳಗೆ ಬಂದವರು ಎರಡೂವರೆ ಗಂಟೆ ಕೂತರು, ಬೆಂಕಿಕಡ್ಡಿ ಮನೆಯಲ್ಲಿ ಮರೆತು ಬಂದೆ ಎಂದು ಎರಡು ಸಲ ಪೇಚಾಡಿದರು. ಅಷ್ಟು ಜನ ಓದಿದವರ ನಡುವೆ ಅವರಿಗೆ ಮಾತ್ರ ಗೊತ್ತಿದ್ದ ಒಂದು ವಿದ್ಯೆ ಇತ್ತು, ಅದಕ್ಕೆ ಪರೀಕ್ಷೆ ಕಟ್ಟಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ.

ಮುಂದಿನ ಕ್ರಿಸ್‌ಮಸ್ಸಿಗೆ ನಾನು ಕೊಟ್ಟದ್ದು ತುಂಬುತೋಳಿನ ನೀಲಿ ಶರ್ಟು. ಪೂರ್ತಿ ಬೆಲೆ ಕೊಟ್ಟು ತಂದ ಒಳ್ಳೇ ಮಾಲು, ಹುಡುಕಿದರೂ ತಪ್ಪು ಸಿಗುವಂತಿರಲಿಲ್ಲ. ಬಾಗಿಲು ಮುಚ್ಚಿಕೊಂಡು, ಬ್ಲೇಡಿನಿಂದ ಕಫಿನ ಹೊಲಿಗೆಯಲ್ಲಿ ಎರಡೇ ಎರಡು ಹೊಲಿಗೆ ಬಿಚ್ಚಿದೆ. ಆಮೇಲೆ ಏನೂ ಅರಿಯದವಳ ಹಾಗೆ ತಂದುಕೊಟ್ಟೆ.

ಕಿಟಕಿಗೆ ಹೋದರು. ಉಗುರು ಕಫಿನ ಹತ್ತಿರ ನಿಂತಿತು. ಬಹಳ ಹೊತ್ತು ನೋಡಿದರು.

“ಇದು ಮಿಷನ್ನಿನ ತಪ್ಪಲ್ಲ.”

“ಮತ್ತೆ?”

“ಬ್ಲೇಡು. ಅದೂ ನಾನು ಬೆಳಿಗ್ಗೆ ಗಡ್ಡ ಹೆರೆದಿಟ್ಟ ಬ್ಲೇಡು, ಅಂಚು ಮೊಂಡಾಗಿತ್ತು.”

ಸಿಕ್ಕಿಬಿದ್ದೆ. ಈಗ ಚೆನ್ನಾಗಿದೆ ಅನ್ನುತ್ತಾರೆ, ಎತ್ತಿಡು ಅನ್ನುತ್ತಾರೆ ಎಂದು ನಾನೇ ಬೀರುವಿನ ಬೀಗದಕೈ ತೆಗೆದುಕೊಂಡೆ.

“ಅದನ್ನ ಯಾಕೆ ತೆಗೀತೀಯ?” ಅಂದರು, ತೋಳು ತೂರಿಸುತ್ತಾ. “ಹೆಂಡ್ತಿ ಕೂತು ಮಾಡಿದ ತಪ್ಪು. ಇದನ್ನ ಯಾರಿಗೆ ಮಾರೋಕಾಗುತ್ತೆ.”