ವಾರ್ಡರ್ ಟೂರೆಯ ಕೊನೆಯ ಕೈದಿ

ಹೊಸಬರು ಯಾರಾದರೂ ಸಿಕ್ಕರೆ ಸಾಕು, ಟೂರೆ ಹೆಡ್‌ಲುಂಡ್ "ನಾನು ಮೂವತ್ತನಾಲ್ಕು ವರ್ಷ ಜೈಲಲ್ಲಿದ್ದೆ" ಎನ್ನುತ್ತಿದ್ದ. ಅವರ ಮುಖ ಬಿಳುಚಿಕೊಳ್ಳುವುದನ್ನು ಕಣ್ತುಂಬ ನೋಡಿ, ಆಮೇಲೆ ನಿಧಾನವಾಗಿ "ವಾರ್ಡರ್ ಆಗಿ" ಎಂದು ಸೇರಿಸುತ್ತಿದ್ದ. ಅವನಿಗೆ ಗೊತ್ತಿದ್ದ ತಮಾಷೆ ಅದೊಂದೇ. ಅದರ ಬೆನ್ನಿಗೇ ಬರುತ್ತಿದ್ದ ಎರಡನೆಯ ಮಾತು ಮಾತ್ರ ತಮಾಷೆಯಲ್ಲ: "ನನ್ನ ಪಾಳಿಯಲ್ಲಿ ಒಬ್ಬನೂ ಓಡಿಹೋಗಿಲ್ಲ." ಹೆಂಡತಿ ಮಕ್ಕಳಿಲ್ಲದ ಅವನು ಈ ದಾಖಲೆಯನ್ನೇ ಮೊಮ್ಮಗುವಿನ ಫೋಟೋದಂತೆ ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ.

ನಿವೃತ್ತಿಯ ದಿನ ಯೆರ್ಕರ್ ಎಂಬ ಕೈದಿ ಅವನನ್ನು ಪಕ್ಕಕ್ಕೆ ಕರೆದ. ಈ ಯೆರ್ಕರ್ ಬೀಗ ಒಡೆಯುವುದರಲ್ಲಿ ಎತ್ತಿದ ಕೈ, ಆಮೇಲೆ ಓಡುವುದರಲ್ಲಿ ಮಾತ್ರ ಶುದ್ಧ ದಡ್ಡ. ಹಾಗಾಗಿ ಮೂರನೆಯ ಸಲ ಒಳಗೆ ಬಂದಿದ್ದ.

"ಟೂರೆ, ನನ್ನ ಡೋರಿಸ್‌ನ ಇನ್ನು ಇಟ್ಕೊಳ್ಳಲ್ಲ ಅಂತಿದ್ದಾಳೆ ನಮ್ಮಕ್ಕ. ಅಕ್ಟೋಬರಲ್ಲಿ ನಾನು ಆಚೆ ಬರ್ತೀನಿ. ಅಲ್ಲೀವರೆಗೆ ನೋಡ್ಕೋತೀಯಾ?"

"ಡೋರಿಸ್ ಅಂದ್ರೆ ಬೆಕ್ಕಾ?"

"ಹಾವು. ವಿಷ ಇಲ್ಲ. ನಿನಗಿಂತ ಸಾಧು."

"ತಪ್ಪಿಸ್ಕೊಳ್ಳುತ್ತಾ?"

"ಪ್ರಯತ್ನ ಪಡ್ತಾಳೆ."

ಆ ಮಾತಿಗೇ ಟೂರೆ ಒಪ್ಪಿಬಿಟ್ಟ. ನಾಲ್ಕಡಿ ಉದ್ದದ, ಹೆಬ್ಬೆರಳಿನಷ್ಟು ದಪ್ಪದ, ಕೇಸರಿ ಮೈಯ ಡೋರಿಸ್ ಹತ್ತಿಯ ದಿಂಬಿನ ಚೀಲದಲ್ಲಿ ಅವನ ಫ್ಲಾಟಿಗೆ ಬಂದಳು. ಅವಳನ್ನು ಅವನು ಹಳೆಯ ಮೀನಿನ ತೊಟ್ಟಿಯಲ್ಲಿಟ್ಟು, ಮೇಲೊಂದು ಹಲಗೆ ಮುಚ್ಚಿ, ಹಲಗೆಯ ಮೇಲೆ ದೇಶದ ಕಾನೂನಿನ ದಪ್ಪ ಪುಸ್ತಕ ಹೇರಿದ. ಮಾರನೆಯ ಬೆಳಿಗ್ಗೆ ಹಲಗೆ ಇದ್ದಲ್ಲೇ ಇತ್ತು, ಕಾನೂನೂ ಇದ್ದಲ್ಲೇ ಇತ್ತು. ಡೋರಿಸ್ ಅವನ ಎಡಗಾಲಿನ ಬೂಟಿನಲ್ಲಿದ್ದಳು.

ಅವನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು. ಟೂರೆಗೆ ಹಠ ಬಂತು. ಎರಡಂಗುಲದ ಹಲಗೆ ತಂದು ಸ್ವಂತ ಕೈಯಿಂದ ಒಂದು ಸೆಲ್ಲನ್ನೇ ಕಟ್ಟಿದ. ಅದಕ್ಕೆ ಉಕ್ಕಿನ ಬಾಗಿಲು, ಎರಡು ಅಗಳಿ, ಕುದುರೆಯನ್ನೂ ಕಟ್ಟಿಹಾಕಬಹುದಾದ ಬೀಗ, ಬಾಗಿಲಲ್ಲೊಂದು ಇಣುಕು ಕಿಂಡಿ. ದಿನಾ ಬೆಳಿಗ್ಗೆ ಕಿಂಡಿಯಲ್ಲಿ ಇಣುಕಿ ಹಾಜರಿ ತೆಗೆದುಕೊಂಡು, "ಒಂದು" ಎಂದು ಗಟ್ಟಿಯಾಗಿ ಹೇಳುತ್ತಿದ್ದ.

ಮೂರನೆಯ ವಾರ ಒಂದು ಬೆಳಿಗ್ಗೆ ಆ ಒಂದು ಸೊನ್ನೆಯಾಗಿತ್ತು. ಅಗಳಿ ಹಾಕಿಯೇ ಇತ್ತು, ಬೀಗವೂ ಹಾಗೇ ಇತ್ತು.

ಈಗ ಗುನ್ವೋರ್ ಕಥೆ. ಆಕೆ ಆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ, ಎಪ್ಪತ್ತೊಂದರ ಹೆಂಗಸು. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ಕನ್ನಡಕವಿಲ್ಲದೆ ಓಡಾಡುವವಳು. ಅಲ್ಲಿ ಎಲ್ಲರ ಬಟ್ಟೆಯೂ ನೆಲಮಾಳಿಗೆಯ ಒಂದೇ ಕೋಣೆಯಲ್ಲಿ, ಸರದಿಯ ಪ್ರಕಾರ ಒಗೆಯಬೇಕು. ಸರದಿ ತಪ್ಪಿಸಿದವನಿಗೆ ಕೊಲೆಗಾರನಿಗಿಂತ ಕಡಿಮೆ ಮರ್ಯಾದೆ. ಆದರೂ ಯಾರೂ ಯಾರ ಬಾಗಿಲನ್ನೂ ತಟ್ಟಿ ಬೈಯುವುದಿಲ್ಲ, ಚೀಟಿ ಬರೆದು ಅಂಟಿಸುತ್ತಾರೆ. ಆ ಬೆಳಿಗ್ಗೆ ಬಟ್ಟೆ ಒಣಗಿಸುವ ಬಿಸಿ ಬೀರುವಿನ ಬಾಗಿಲಲ್ಲಿ ಗುನ್ವೋರ್ ಬರೆದ ಚೀಟಿಯಿತ್ತು:

"ಮಹಾಶಯರೇ, ಕೇಸರಿ ಬಣ್ಣದ ಬೆಲ್ಟನ್ನು ಇಲ್ಲೇ ನೇತುಹಾಕಿ ಹೋಗಿದ್ದೀರಿ. ಒಂಬತ್ತಕ್ಕೆ ನನ್ನ ಸರದಿ. ನಿಮ್ಮ ಅಮ್ಮ ಇಲ್ಲಿ ಕೆಲಸಕ್ಕಿಲ್ಲ." ಕೊನೆಗೊಂದು ನಗುವ ಮುಖದ ಚಿತ್ರ. ಅಲ್ಲಿ ಅದೂ ಬೈಗುಳವೇ.

ಒಂಬತ್ತಾದರೂ ಯಾರೂ ಬರಲಿಲ್ಲ. ಗುನ್ವೋರ್ ತಾನೇ ಬೆಲ್ಟನ್ನು ಎಳೆಯಹೋದಳು. ಬೆಲ್ಟು ನಾಲಗೆ ಚಾಚಿತು. ಆಕೆ ಕಿರುಚಿದ ಸದ್ದು ನಾಲ್ಕನೆಯ ಮಹಡಿಗೆ ಕೇಳಿತು. ಡೋರಿಸ್‌ಗಾಗಿ ಮೆಟ್ಟಿಲು ಮೆಟ್ಟಿಲು ಹುಡುಕುತ್ತಿದ್ದ ಟೂರೆಗೆ ಅವಳು ಸಿಕ್ಕಿದ್ದು ಹಾಗೆ.

ಸಂಘದ ಸಭೆ ಸೇರಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ತೀರ್ಮಾನವಾಯಿತು: ಇನ್ನೊಂದೇ ಒಂದು ಸಲ ಹಾವು ಫ್ಲಾಟಿನಿಂದ ಆಚೆ ಕಂಡರೆ, ಅದು ಕಟ್ಟಡ ಬಿಟ್ಟು ಹೋಗಬೇಕು. ಇಷ್ಟಕ್ಕೇ ಮುಗಿದಿದ್ದರೆ ಟೂರೆ ಸಹಿಸಿಕೊಳ್ಳುತ್ತಿದ್ದನೇನೋ.

"ಕೊಲೆಗಡುಕರನ್ನೆಲ್ಲ ಹಿಡಿದಿಟ್ಟೋನು ಅಂತೀಯ," ಎಂದಳು ಗುನ್ವೋರ್. "ಒಂದು ಬೆಲ್ಟ್ ಹಿಡಿದಿಡೋಕೆ ಆಗ್ಲಿಲ್ವಲ್ಲೋ ನಿನಗೆ."

ಮಾರನೆಯ ದಿನವೇ ಅವನು ಹಾವು ಹಲ್ಲಿಗಳನ್ನು ಮಾರುವ ಅಂಗಡಿಗೆ ಹೋದ. ಅಂಗಡಿಯ ಲೊವೀಸಾಗೆ ಕುತ್ತಿಗೆಯವರೆಗೂ ಹಚ್ಚೆ. ಇದ್ದ ಬೀಗಕ್ಕಿಂತ ಗಟ್ಟಿ ಬೀಗ ಬೇಕೆಂದು ಅವನು ಕೇಳಿದಾಗ ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬೀಗ ಒಡಿಯೋಕೆ ಹಾವಿಗೆ ಕೈ ಇದೆಯಾ? ಅದು ಗಟ್ಟಿ ಎಷ್ಟಿದೆ ಅಂತ ನೋಡಲ್ಲ, ಸಂದಿ ಎಲ್ಲಿದೆ ಅಂತ ನೋಡತ್ತೆ. ತಲೆ ತೂರಿತು ಅಂದ್ರೆ ಮೈ ತೂರಿದ ಹಾಗೇ ಲೆಕ್ಕ."

ಅವಳು ತೋರಿಸಿದ ಗೂಡಿನ ಮೇಲ್ಭಾಗ ಪೂರ್ತಿ ಮುಚ್ಚಿತ್ತು, ತೆಗೆಯುವ ಮುಚ್ಚಳವೇ ಇರಲಿಲ್ಲ. ಮುಂದೆ ಪಕ್ಕಕ್ಕೆ ಸರಿಯುವ ಎರಡು ಗಾಜು. ಅವು ಒಂದರ ಮೇಲೊಂದು ಬರುವಲ್ಲಿ ಒಂದು ಸಣ್ಣ ಬೀಗ, ನಡುವಿನ ಸಂದಿಗೆ ಒಂದು ಬೆಣೆ. ಗಾಳಿಯ ತೂತಿಗೆ ಒತ್ತಾದ ಜಾಲರಿ, ದೀಪದ ತಂತಿ ಹೋಗುವ ತೂತಿಗೆ ಬಿಗಿಯಾದ ರಬ್ಬರು.

"ಮೇಲಿಂದ ಕೈ ಹಾಕಿದ್ರೆ ಹದ್ದು ಬಂತು ಅಂತ ಹೆದರ್ಕೊಳ್ಳತ್ತೆ. ಅದಕ್ಕೇ ಮುಂದಿನಿಂದ ತೆಗಿಯೋದನ್ನೇ ತಗೋ. ಒಂದು ಕಡೆ ಬಿಸಿ ಇರ್ಲಿ, ಇನ್ನೊಂದು ಕಡೆ ತಂಪು, ಎರಡೂ ಕಡೆ ಅಡಗಿ ಕೂರೋಕೆ ಜಾಗ. ಇಷ್ಟಿದ್ರೆ ಅದಕ್ಕೆ ಆಚೆ ಏನು ಕೆಲಸ?"

"ಕೈದಿಗೆ ಇಷ್ಟೆಲ್ಲ ಸೌಕರ್ಯ ಕೊಟ್ರೆ ಕೆಟ್ಟುಹೋಗ್ತಾನೆ."

"ನಿನಗೆ ಹಾವು ಬೇಕಾ, ಕೈದಿ ಬೇಕಾ?"

ಟೂರೆ ಪರ್ಸು ತೆಗೆದ. ಗೂಡು ಕೊಂಡುಕೊಂಡ. ಆದರೆ ನಂಬಿಕೆ ಬರಬೇಕಲ್ಲ! ದಿನವಿಡೀ ಗೂಡಿನೆದುರು ಕುರ್ಚಿ ಹಾಕಿ ಕೂತ. ಕೂತವನು ಸುಮ್ಮನಿರಲಾರದೆ ಮಾತಾಡತೊಡಗಿದ, ಮಂಡಿನೋವಿನ ಬಗ್ಗೆ, ಗುನ್ವೋರಳ ಬಗ್ಗೆ, ಯಾರಿಗೂ ಹೇಳದಿದ್ದ ಇನ್ನೂ ಏನೇನೋ. ಡೋರಿಸ್ ಗಾಜಿಗೆ ಗಲ್ಲ ಒತ್ತಿ ಕೇಳುವವಳಂತೆ ಇರುತ್ತಿದ್ದಳು. ಹಾವಿಗೆ ಕಿವಿಯಿಲ್ಲವೆಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಇನ್ನೊಂದು ಸಲ ತಪ್ಪಿಸಿಕೊಂಡರೆ ಇವಳು ಹೋಗೇಬಿಡುತ್ತಾಳೆ ಎಂದು ನೆನೆದಾಗ ದಾಖಲೆಯ ಚಿಂತೆ ಬರಲಿಲ್ಲ, ಬೇರೆಯೇ ಒಂದು ಹೆದರಿಕೆ ಹಿಡಿಯಿತು.

ಆ ಹೆದರಿಕೆಯೇ ಅವನನ್ನು ಭಾನುವಾರ ಜೈಲಿಗೆ ಎಳೆದೊಯ್ದಿತು. ಅವನು ಭೇಟಿಗೆ ಬಂದವರ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ತಾನೇ ಕೆಲಸ ಕಲಿಸಿದ ಹೆಣ್ಣುಮಗಳೊಬ್ಬಳು ಅವನ ಜೇಬು ತಡಕಿ ಒಳಗೆ ಬಿಟ್ಟಳು.

"ಯೆರ್ಕರ್, ನಿನ್ನ ಕಸುಬಿನ ಮಾತು ಕೇಳೋಕೆ ಬಂದೆ. ಆ ಸೆಲ್ಲಿಂದ ಅವಳು ಹೇಗೆ ಹೋದ್ಲು? ಎರಡು ಅಗಳಿ, ಒಂದು ಬೀಗ, ಎಲ್ಲ ಹಾಕಿದ ಹಾಗೇ ಇತ್ತು."

"ಹಿಂದಿನ ದಿನ ಬಾಗಿಲು ಯಾವಾಗ ತೆಗೆದಿದ್ದೆ?"

"ನೀರು ಬದಲಾಯಿಸೋಕೆ. ಮೂರಕ್ಕೆ ಸ್ವಲ್ಪ ಮುಂಚೆ."

"ಮೂರಕ್ಕೆ ಏನು ಮಾಡಿದೆ?"

ಟೂರೆ "ಕಾಫಿ," ಎಂದ.

"ಬಾಗಿಲು ಸುಮ್ನೆ ಮುಂದಕ್ಕೆಳೆದು ಕಾಫಿಗೆ ಹೋದೆ. ಅವಳು ಎದ್ದು ಹೋದ್ಲು. ನೀನು ಬನ್ನು ಚಪ್ಪರಿಸ್ಕೊಂಡು ಬಂದು, ಖಾಲಿ ಸೆಲ್ಲಿಗೆ ಎರಡು ಅಗಳಿ ಹಾಕಿ ಬೀಗ ಜಡಿದೆ." ಯೆರ್ಕರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಟೂರೆಯ ಕಿವಿ ಕೆಂಪಾಯಿತು.

"ಹೊಸದೇನಲ್ಲ ಬಿಡು," ಎಂದ ಯೆರ್ಕರ್. "ಇಲ್ಲೂ ಮೂರು ಗಂಟೆ ಆಯ್ತು ಅಂದ್ರೆ ಮರಗೆಲಸದ ಶೆಡ್ಡಿನ ಹಿಂಬಾಗಿಲಿಗೆ ಬರೀ ಚಿಲಕ. ನೀನು ಕಾಫಿಗೆ ಹೋಗಿರ್ತಿದ್ದೆ. ಎಲ್ಲರಿಗೂ ಗೊತ್ತಿತ್ತು."

"ಎಷ್ಟು ದಿನದಿಂದ?"

"ನಾನು ಮೊದಲನೇ ಸಲ ಬಂದಾಗಿಂದ."

"ಮತ್ತೆ ಯಾಕೆ ಒಬ್ಬನೂ ಓಡಿಹೋಗ್ಲಿಲ್ಲ?"

"ಮೂರು ಗಂಟೆಗೆ ನಮಗೂ ಕಾಫಿ ಕೊಡ್ತಿದ್ರಲ್ಲ ಟೂರೆ. ಗುರುವಾರ ದಾಲ್ಚಿನ್ನಿ ಬನ್ನು ಬೇರೆ. ಬಿಟ್ಟು ಎಲ್ಲಿಗೆ ಹೋಗೋದು?"

ಮನೆಗೆ ಬರುವ ಬಸ್ಸಿನಲ್ಲಿ ಟೂರೆ ಕಿಟಕಿಯಾಚೆಯ ಬರ್ಚ್ ಮರಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಹೊಸಬರು ಸಿಕ್ಕಾಗ ಅವನು ಮೊದಲನೆಯ ಮಾತಿಗೇ ನಿಲ್ಲಿಸುತ್ತಿದ್ದ. ನೀರು ಬದಲಾಯಿಸುವುದನ್ನು ಎರಡು ಗಂಟೆಗೆ ಇಟ್ಟುಕೊಂಡ. ಗುನ್ವೋರ್ ಪ್ರತಿ ಶುಕ್ರವಾರ ಬಂದು, ಈಗ ಕನ್ನಡಕ ಹಾಕಿಕೊಂಡೇ, ಇಣುಕಿ ನೋಡಿ "ಬೆಲ್ಟ್ ಇದೆ" ಎಂದು ಹೇಳಿ ಹೋಗುತ್ತಿದ್ದಳು. ಡೋರಿಸ್ ಆಮೇಲೆ ಒಂದು ಸಲವೂ ತಪ್ಪಿಸಿಕೊಳ್ಳಲಿಲ್ಲ.

ಅಕ್ಟೋಬರ್ ಬಂದೇ ಬಂತು. ಯೆರ್ಕರ್ ಮರೆತುಬಿಡಲಿ, ಇಲ್ಲವೇ ಇನ್ನೊಂದು ಸಣ್ಣ ಕಳ್ಳತನ ಮಾಡಿ ಮತ್ತೆ ಒಳಗೆ ಹೋಗಲಿ ಎಂದು ಟೂರೆ ಮನಸ್ಸಿನಲ್ಲೇ ಹಾರೈಸಿದ್ದ. ಹಾಗೇನೂ ಆಗಲಿಲ್ಲ. ಹೊಸ ಜಾಕೆಟ್ ತೊಟ್ಟು, ಕೈಯಲ್ಲೊಂದು ದಿಂಬಿನ ಚೀಲ ಹಿಡಿದು ಯೆರ್ಕರ್ ಬಾಗಿಲಲ್ಲಿ ನಿಂತ.

"ಸಣ್ಣದೊಂದು ರೂಮು ಸಿಕ್ಕಿದೆ. ಹಾವಿದ್ರೂ ಓನರ್‌ಗೆ ಅಭ್ಯಂತರ ಇಲ್ವಂತೆ."

ಟೂರೆ ಬೀಗ ತೆಗೆದ, ಬೆಣೆ ಕಿತ್ತ, ಗಾಜು ಸರಿಸಿದ. ಇಬ್ಬರೂ ಕಾದರು. ಬಾಗಿಲು ತೆರೆದೇ ಇತ್ತು, ಡೋರಿಸ್ ಮರದ ತೊಗಟೆಯ ಕೆಳಗಿನ ತನ್ನ ಜಾಗ ಬಿಟ್ಟು ಅಲುಗಲಿಲ್ಲ. ಕೊನೆಗೆ ಟೂರೆಯೇ ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೆ ಬಿಟ್ಟು ಗಂಟು ಹಾಕಿದ. ಸಾವಿರಾರು ಜನರನ್ನು ಆಚೆ ಬಿಟ್ಟವನು ಅವನು, ಹೋಗಬೇಡ ಎನ್ನಬೇಕು ಅನಿಸಿದ್ದು ಈ ಒಬ್ಬಳಿಗೆ ಮಾತ್ರ.

"ಗೂಡೂ ನಿನ್ನದೇ. ಲೊವೀಸಾ ವ್ಯಾನಲ್ಲಿ ತಂದ್ಕೊಡ್ತಾಳೆ," ಎಂದ. ಯೆರ್ಕರ್ ಮೆಟ್ಟಿಲಿಳಿಯತೊಡಗಿದಾಗ ಕಂಬಿ ಹಿಡಿದು ಬಾಗಿ ಕೇಳಿದ, "ಯೆರ್ಕರ್, ಭೇಟಿ ಸಮಯ ಎಷ್ಟರಿಂದ ಎಷ್ಟರವರೆಗೆ?"

ಯೆರ್ಕರ್ ನಗಲೆಂದು ತಲೆಯೆತ್ತಿದ. ಟೂರೆಯ ಮುಖ ನೋಡಿ ನಗಲಿಲ್ಲ.

"ನಮ್ಮನೇಲಿ ಹಾಗೆಲ್ಲ ಇಲ್ಲ," ಎಂದ. "ಬಾ, ಬೆಲ್ ಒತ್ತು."